ವೀಟ್‌ಶೀಫ್ ಛತ್ರದ ಕೊನೆಯ ಗುಟುಕು

ತಿಪಟೂರಿನ ರಾಮಲಿಂಗಪ್ಪನವರು ಮೇರಿಲ್ಯಾಂಡಿನಲ್ಲಿ ಇನ್ನೂರು ವರ್ಷದ ಹಳೆಯ ಇಂಗ್ಲಿಷ್ ಛತ್ರವೊಂದನ್ನು ಕೊಂಡರು ಎಂಬ ಸುದ್ದಿ ಬಂದಾಗ ನಮ್ಮ ಕನ್ನಡ ಕೂಟದಲ್ಲಿ ಯಾರೂ ನಂಬಲಿಲ್ಲ. ಬಾಲ್ಟಿಮೋರಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದ ಮನುಷ್ಯ. ಸಾವಿರದ ಒಂಬೈನೂರ ತೊಂಬತ್ತರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಐವತ್ತೈದರ ಆ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಮಗಳ ಮನೆಗೆ ಹೋಗಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಿದ್ದರು. ಇವರು ಎಲಿಕಾಟ್ ಸಿಟಿಯಿಂದ ಪಶ್ಚಿಮಕ್ಕೆ ಹೋಗುವ ಹಳೆಯ ಫ್ರೆಡರಿಕ್ ರಸ್ತೆಯಲ್ಲಿ, ಗಾರೆ ಕಿತ್ತುಹೋಗಿ ಸೂರು ಸೋರುತ್ತಿದ್ದ ಕಲ್ಲುಕಟ್ಟಡವೊಂದನ್ನು ಹಿಡಿದು ಕೂತರು. "ನಮ್ಮಪ್ಪ ಹೋಟ್ಲು ಇಟ್ಟಿದ್ರು, ನನಗೂ ಅದೇ ರಕ್ತ" ಎಂದರು. ನನ್ನ ಗಂಡ ದತ್ತಾತ್ರೇಯ ಡಾಕ್ಟರು. ಎಲ್ಲರನ್ನೂ ರೇಗಿಸುವುದು ಅವನ ಹುಟ್ಟುಗುಣ. "ಲಿಂಗ ಕಟ್ಕೊಂಡು ಬಾರ್ ಓಪನ್ ಮಾಡ್ತೀರಾ ಸಾರ್?" ಎಂದು ಕೇಳಿದ. "ಬಾರ್ ನೋಡ್ಕೊಳ್ಳೋಕೆ ಜನ ಇದಾರೆ. ನಾನು ಮನೆ ನೋಡ್ಕೋತೀನಿ" ಎಂದರು ಅವರು, ನಗದೆ.

ಆ ಮನೆಯ ಹೆಸರು ವೀಟ್‌ಶೀಫ್, ಅಂದರೆ ಗೋಧಿಯ ಸಿವುಡು. ರಾಮಲಿಂಗಪ್ಪನವರ ಹೆಂಡತಿ ಚನ್ನಮ್ಮನವರ ಬಾಯಲ್ಲಿ ಅದು ಮೊದಲ ದಿನದಿಂದಲೂ 'ಸಿವುಡಿನ ಛತ್ರ'. ಬಾಗಿಲ ಮೇಲಿನ ಕಲ್ಲಿನಲ್ಲಿ ಗೋಧಿ ತೆನೆಯ ಕಂತೆಯೊಂದನ್ನು ಕೆತ್ತಿದ್ದರು. ಮಳೆಗಾಳಿಗೆ ಸವೆದು ಅದು ಈಗ ಪೊರಕೆಯ ಹಾಗೆ ಕಾಣುತ್ತಿತ್ತು.

ನಾನು ಕೌಂಟಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಮನೆ ಕೊಂಡ ಮೊದಲ ತಿಂಗಳಲ್ಲೇ ರಾಮಲಿಂಗಪ್ಪನವರು ನನ್ನ ಮೇಜಿನ ಮುಂದೆ ಬಂದು ನಿಂತು, "ಊರ್ಮಿಳಾ, ಈ ಮನೇಲಿ ನನಗಿಂತ ಮುಂಚೆ ಯಾರ್ ಯಾರು ಯಜಮಾನರಾಗಿದ್ರು ಅಂತ ಹುಡುಕಿ ಕೊಡಮ್ಮ. ಗೊತ್ತಿಲ್ದೇ ಹೆಂಗೆ ಇರೋದು?" ಎಂದರು. ಹೊಸ ಸೊಸೆ ತಾನು ಬಂದ ಮನೆಯ ಹಿರಿಯರ ಹೆಸರು ಕೇಳುವಂತಿತ್ತು ಅವರ ಧಾಟಿ. ನನಗೆ ಖುಷಿಯಾಯಿತು. ಹಳೆಯ ಪತ್ರಿಕೆ, ತೆರಿಗೆ ಪಟ್ಟಿ, ಚರ್ಚಿನ ಕಾಗದ ಎಲ್ಲವನ್ನೂ ಕೆದಕಿ ಸಿಕ್ಕಿದ್ದನ್ನೆಲ್ಲ ಕೊಟ್ಟೆ. ನಾನು ಕೊಟ್ಟದ್ದು ಒಣಹುಲ್ಲು. ಅದಕ್ಕೆ ಜೀವ ಬರಿಸಿದ್ದು ಅವರು.

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಬೆಂಕಿಗೂಡಿನ ಮುಂದೆ ನಿಂತು ರಾಮಲಿಂಗಪ್ಪನವರು ಯಜಮಾನರ ಕಥೆ ಶುರು ಮಾಡಿದರೆ, ವಾಷಿಂಗ್ಟನ್ನಿನಿಂದ ಕಾರು ಮಾಡಿಕೊಂಡು ಬಂದವರೂ ಕಾಫಿ ಆರಿಸಿಕೊಂಡು ಕೂರುತ್ತಿದ್ದರು. ಮೊದಲನೆಯವನು ಜೊಸಾಯಾ ಪೆನ್‌ಫೋಲ್ಡ್. ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಅವನ ಅಪ್ಪನದು ಇದೇ ಹೆಸರಿನ ಛತ್ರ. ಅಣ್ಣನಿಗೆ ಆ ಛತ್ರ ಹೋಯಿತು, ತಮ್ಮನಿಗೆ ಎರಡು ಹಿಡಿಯ ತವರದ ಮಗ್ ಒಂದು ಬಂತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹಡಗು ಹತ್ತಿದ. ಎಲಿಕಾಟ್ ಮಿಲ್ಲಿನಿಂದ ಬಾಲ್ಟಿಮೋರಿಗೆ ಹಿಟ್ಟು ಹೊರುವ ಗಾಡಿಯವರಿಗೆ ಮಲಗಲು ಜಾಗ ಬೇಕಿತ್ತು; ಇಲ್ಲಿನ ಗ್ರಾನೈಟು ಕಡಿಸಿ ಈ ಮನೆ ಕಟ್ಟಿದ. "ಆಮೇಲೆ ಒಂದಿನ ತನ್ನ ಸರಕು ತಾನೇ ಕುಡಿದು ನೆಲಮಾಳಿಗೆ ಮೆಟ್ಟಿಲಿಂದ ಬಿದ್ದು ಸತ್ತ" ಎಂದು ರಾಮಲಿಂಗಪ್ಪನವರು ಹೇಳುವಾಗ ಆ ದುಃಖವಾರ್ತೆಯಲ್ಲಿ ಒಂಚೂರು ಸಂತೋಷ ಇರುತ್ತಿತ್ತು. ಕುಡಿಯದವರ ಸಂತೋಷ.

ಎರಡನೆಯವಳು ಅವನ ವಿಧವೆ ಮಾರ್ತಾ. ಅವಳೇ ಈ ಮನೆಯ ನಿಜವಾದ ಯಜಮಾನಿ. ಗಾಡಿಯವರು ಜಗಳಗಂಟರು, ದಿನಾ ಒಬ್ಬನ ಹಲ್ಲು ಉದುರುತ್ತಿತ್ತು. ಪ್ರತಿ ಶರತ್ಕಾಲದಲ್ಲಿ ಸೇಬಿನ ಹೊಸ ರಸ ತೆಗೆಯುವ ಶನಿವಾರ ಮಾರ್ತಾ ಆ ತವರದ ಮಗ್ಗನ್ನು ತುಂಬಿಸಿ, ಮೊದಲ ಗುಟುಕು ತಾನು ಕುಡಿದು, ಕೋಣೆಯಲ್ಲಿ ಇದ್ದವರೆಲ್ಲ ಅದರಲ್ಲೇ ಕುಡಿಯಬೇಕೆಂದು ಕಟ್ಟು ಮಾಡಿದಳು. ಎಲ್ಲರಿಗಿಂತ ಹಿರಿಯರದು ಕೊನೆಯ ಸರದಿ. ಅವರು ಉಳಿಸಿದ ಗುಟುಕನ್ನು ಯಜಮಾನಿ ಕುಡಿದು ಮಗ್ ಬೋರಲು ಹಾಕಬೇಕು. ಈ ಸೂರಿನ ಕೆಳಗೆ ಯಾರೂ ನನಗಿಂತ ಕೀಳಲ್ಲ ಎಂದು ಅದರ ಅರ್ಥ. "ಆದ್ರೆ ಕೊಟ್ಟಿಗೇಲಿ ಮಲಗ್ತಿದ್ದ ಗುಲಾಮರ ಹತ್ರ ಆ ಮಗ್ ಹೋಗ್ತಿರ್ಲಿಲ್ಲ, ಅದನ್ನೂ ಹೇಳ್ಬೇಕು" ಎಂದು ರಾಮಲಿಂಗಪ್ಪನವರು ಬೆರಳೆತ್ತುತ್ತಿದ್ದರು.

ಆಮೇಲೆ ಬಂದ ಜರ್ಮನಿಯ ಯೋಸ್ಟ್, ಉತ್ತರ ದಕ್ಷಿಣಗಳ ಯುದ್ಧದಲ್ಲಿ ಎರಡೂ ಕಡೆಯ ಬಾವುಟ ಇಟ್ಟುಕೊಂಡು, ಯಾವ ದಂಡು ಬಂದರೆ ಆ ಬಾವುಟ ಹಾರಿಸಿದ. ಕೊನೆಗೆ ರಡ್ ಮನೆತನ, ಅಪ್ಪ ಮಗ ಸೊಸೆ. ಅಪ್ಪ ರಡ್ ಪಾನನಿಷೇಧದ ಕಾಲದಲ್ಲಿ ಬೇರಿನ ಕಷಾಯ ಎಂದು ಹೇಳಿ ಏನನ್ನೋ ಮಾರುತ್ತಿದ್ದ. ಮಗ ಎಲ್ಮರ್ ರಡ್ ಹಿಂಬದಿ ಗೋಡೆಗೆ ಕಿಟಕಿ ಕೊರೆಸಿದ.

ಈ ಕಿಟಕಿಗೆ ಬಂದಾಗ ರಾಮಲಿಂಗಪ್ಪನವರ ದನಿ ತಗ್ಗುತ್ತಿತ್ತು. ಅಡುಗೆಮನೆಯ ಹಿಂದೆ, ಒಂದಾಳಿನ ಎದೆಮಟ್ಟಕ್ಕೆ, ಮರದ ಬಾಗಿಲಿನ ಸಣ್ಣ ಕಿಟಕಿ. ಕರಿಯರು ಬಂದರೆ ಮುಂಬಾಗಿಲಿಗೆ ಬರುವಂತಿಲ್ಲ, ಹಿಂದೆ ಸುತ್ತಿ ಬಂದು ಇದರ ಮುಂದೆ ನಿಲ್ಲಬೇಕು. ಅವರಿಗೆ ಹಣ್ಣಿನ ಜಾಮ್ ಮುಗಿದ ಖಾಲಿ ಬಾಟಲಿಯಲ್ಲಿ ಕುಡಿಯಲು ಕೊಡುತ್ತಿದ್ದರು. ಕುಡಿದಾದ ಮೇಲೆ ಎಲ್ಮರ್ ಆ ಬಾಟಲಿಯನ್ನು ತೊಳೆಯುತ್ತಿರಲಿಲ್ಲ, ಅವರ ಕಣ್ಣೆದುರಿಗೇ ಮನೆಯ ಹಿಂದಿನ ಹಳ್ಳಕ್ಕೆ ಎಸೆಯುತ್ತಿದ್ದ. ಬಣ್ಣಭೇದ ನಿಷೇಧಿಸಿದ ಅರವತ್ನಾಲ್ಕರ ಕಾನೂನು ಬರುವವರೆಗೂ ಇದು ನಡೆಯಿತು. "ಎಂಥಾ ಜನ ನೋಡಿ! ಮನುಷ್ಯ ಮನುಷ್ಯನಿಗೆ ಮಾಡೋದಾ ಇದು!" ಎಂದು ರಾಮಲಿಂಗಪ್ಪನವರು ಕಿಟಕಿಯ ಬಾಗಿಲನ್ನು ದಡ್ ಎಂದು ಮುಚ್ಚುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಪ್ರತಿ ವರ್ಷ ನಮ್ಮ ಕೂಟದ ಬಸವ ಜಯಂತಿಯಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡುತ್ತಿದ್ದವರೂ ಅವರೇ. ಅಲ್ಲಿಯೂ ಈ ಕಿಟಕಿ ಬರುತ್ತಿತ್ತು.

ಆ ಕಿಟಕಿಯ ಮುಂದೆ ನಿಂತವರಲ್ಲಿ ವೆಂಡೆಲ್ ಟಾಲ್ಬರ್ಟರ ಅಪ್ಪನೂ ಒಬ್ಬ. ವೆಂಡೆಲ್ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು, ಚರ್ಚಿನಲ್ಲಿ ಹಿರಿಯರು, ಹಳ್ಳದ ಆಚೆ ದಂಡೆಯಲ್ಲಿ ಮನೆ. ಕಾನೂನು ಬಂದು ಮೂವತ್ತು ವರ್ಷ ಆಗುತ್ತಾ ಬಂದರೂ ವೀಟ್‌ಶೀಫಿನ ಹೊಸ್ತಿಲು ತುಳಿದಿರಲಿಲ್ಲ. ರಾಮಲಿಂಗಪ್ಪನವರಿಗೆ ಅವರ ಗುರುತಾದದ್ದು ಬದನೆಕಾಯಿಯಿಂದ. ವೆಂಡೆಲ್ ಬೆಳೆಯುತ್ತಿದ್ದ ಎಳೆ ಬದನೆಕಾಯಿ, ಖಾರದ ಮೆಣಸಿನಕಾಯಿ ಕೊಳ್ಳಲು ಹೋಗಿ, ಬೇಲಿಯ ಹತ್ತಿರ ನಿಂತು ಮಾತಾಡಿ ಮಾತಾಡಿ, ಒಂದು ದಿನ ಮನೆಗೆ ಕರೆದರು.

"ಆ ಮನೆಯ ಬೆನ್ನು ನೋಡಿದೀನಿ. ಮುಖ ನೋಡಿಲ್ಲ" ಎಂದರಂತೆ ವೆಂಡೆಲ್.

"ಮುಂದಿನ ಬಾಗಿಲಿಂದ ಬನ್ನಿ. ನಾನೇ ತೆಗೀತೀನಿ" ಎಂದರಂತೆ ಇವರು.

ವೆಂಡೆಲ್ ಬಂದರು. ಚರ್ಚ್ ಮುಗಿಸಿ, ಸೂಟು ಹ್ಯಾಟಿನಲ್ಲಿ. ಒಂದೇ ಕದ ತೆಗೆಯುವ ರೂಢಿ ಇದ್ದ ಬಾಗಿಲಿನ ಎರಡೂ ಕದಗಳನ್ನು ರಾಮಲಿಂಗಪ್ಪನವರು ತೆಗೆಸಿದ್ದರು. ಅಂದಿನಿಂದ ಪ್ರತಿ ಭಾನುವಾರ ಬೆಂಕಿಗೂಡಿನ ಪಕ್ಕದ ಕುರ್ಚಿ ಅವರದಾಯಿತು. ಚನ್ನಮ್ಮನವರ ಉಪ್ಪಿಟ್ಟು ಅವರಿಗೆ ಬಹಳ ಇಷ್ಟ. ತಮ್ಮ ಕಡೆಯ ಮೆಕ್ಕೆಜೋಳದ ರವೆಯ ಗಂಜಿ, ಗ್ರಿಟ್ಸ್, ಕಾಲೇಜಿಗೆ ಹೋಗಿ ಬಂದರೆ ಹೀಗಾಗುತ್ತದೆ ಎನ್ನುತ್ತಿದ್ದರು. ಇಬ್ಬರು ಮುದುಕರೂ ಮಾತಿಗೆ ಕೂತರೆ ನಮ್ಮನ್ನು ಯಾರೂ ಕೇಳುವವರಿರಲಿಲ್ಲ. ಕೂಟದಲ್ಲಿ ರಾಮಲಿಂಗಪ್ಪನವರು ಸಿಕ್ಕವರಿಗೆಲ್ಲ, "ಮೂವತ್ತು ವರ್ಷ ಒಳಗೆ ಕಾಲಿಡದೇ ಇದ್ದ ಮನುಷ್ಯ, ನನ್ನ ಮುಖ ನೋಡಿ ಬಂದ ಕಣ್ರೀ" ಎಂದು ಹೇಳಿಕೊಂಡು ತಿರುಗಿದರು. ಅದು ಅವರ ಜೀವನದ ದೊಡ್ಡ ಸಂಪಾದನೆ ಎಂದು ನಾನೂ ನಂಬಿದ್ದೆ.

ಇನ್ನು ಮಗ್ಗಿನ ವಿಷಯ. ಮಾರ್ತಾ ಮಾಡಿದ ಕಟ್ಟು ರಡ್ ಕಾಲದವರೆಗೂ ನಡೆದು ಬಂದಿತ್ತು. ರಾಮಲಿಂಗಪ್ಪನವರು ಅದರಲ್ಲಿ ಒಂದೇ ಬದಲಾವಣೆ ಮಾಡಿದರು. ಸೇಬಿನ ರಸ ಹುಳಿ ಬರಿಸಿದ ಮದ್ಯ ಸೈಡರ್ ಬದಲು ಅಂದೇ ಹಿಂಡಿದ ಸಿಹಿ ರಸ. ಮೊದಲ ವರ್ಷ ಎಲ್ಲರೂ ಕಾದು ನಿಂತಿದ್ದಾಗ ಅವರು ಮಗ್ಗನ್ನು ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಕಿಸದೆ ಗಟಗಟ ಮೇಲಿನಿಂದ ಸುರಿದುಕೊಂಡರು. ಒಂದು ಹನಿ ಚೆಲ್ಲಲಿಲ್ಲ. ನಮ್ಮಲ್ಲಿ ಹಾಗೆ ಕುಡಿಯದಿದ್ದರೆ ಅಜ್ಜಿಯರು ತಲೆಗೆ ಮೊಟಕುತ್ತಾರೆ. ಇಲ್ಲಿಯವರು ಸರ್ಕಸ್ ನೋಡಿದವರ ಹಾಗೆ ಚಪ್ಪಾಳೆ ತಟ್ಟಿದರು. ಆದರೆ ಕೊನೆಯ ಗುಟುಕಿನಲ್ಲಿ ಆ ಉಪಾಯ ನಡೆಯುವಂತಿರಲಿಲ್ಲ. ಮೇಲಿನಿಂದ ಸುರಿದುಕೊಂಡರೂ ಅಷ್ಟು ಜನರ ಎಂಜಲು ಎಂಜಲೇ. ಮನೆ ಮಾರಿದ ಸೊಸೆ ಮಿಸೆಸ್ ರಡ್ ಆಗ ಎಲ್ಲರಿಗಿಂತ ಹಿರಿಯಳು. ಅವಳು ಕುಡಿದು ಕೊಟ್ಟ ಮಗ್ಗಿನ ಅಂಚಿನಲ್ಲಿ ಲಿಪ್‌ಸ್ಟಿಕ್ ಗುರುತು ಇರುತ್ತಿತ್ತು. ಅವಳು ನಗುತ್ತಾ ನೋಡುತ್ತಿದ್ದರೆ ರಾಮಲಿಂಗಪ್ಪನವರು ಕಣ್ಣು ಮುಚ್ಚಿಕೊಂಡು, ತುಟಿ ಇಟ್ಟು, ಕುಡಿದು, ಬೋರಲು ಹಾಕುತ್ತಿದ್ದರು. ಆಮೇಲೆ ಸಂಜೆಯವರೆಗೂ ಏಲಕ್ಕಿ ಅಗಿಯುತ್ತಾರೆ ಎಂದು ಚನ್ನಮ್ಮ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದರು. ವರ್ಷ ವರ್ಷವೂ ಇದೇ ನಡೆಯಿತು.

ತೊಂಬತ್ತಾರರ ಶರತ್ಕಾಲದಲ್ಲಿ ಮಿಸೆಸ್ ರಡ್ ದೂರದ ಷಾರ್ಲೆಟ್ ಊರಿನಲ್ಲಿದ್ದ ತನ್ನ ಮಗಳ ಮನೆಗೆ ಹೋಗಿಬಿಟ್ಟಳು. ಆ ವರ್ಷದ ಮಗ್ಗಿನ ಶನಿವಾರ ಕೋಣೆ ತುಂಬಿತ್ತು. ನಮ್ಮ ಕೂಟದವರೂ ನಾಲ್ಕಾರು ಮನೆಯವರು ಮಕ್ಕಳೊಂದಿಗೆ ಬಂದಿದ್ದರು. ಮಗ್ ಕೈಯಿಂದ ಕೈಗೆ ಸುತ್ತಿತು. ನಮ್ಮವರು ಎತ್ತಿ ಕುಡಿದರು, ಉಳಿದವರು ಕಚ್ಚಿ ಕುಡಿದರು. ಕೊನೆಗೆ ಬೆಂಕಿಗೂಡಿನ ಪಕ್ಕದ ಕುರ್ಚಿಗೆ ಬಂತು. ಈಗ ಹಿರಿಯರು ವೆಂಡೆಲ್; ಮಗ್ಗಿನ ಶನಿವಾರಕ್ಕೆ ಅವರು ಬಂದದ್ದು ಅದೇ ಮೊದಲು. ಅವರು ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಎರಡೂ ಹಿಡಿಗಳನ್ನು ಹಿಡಿದು, ಸಣ್ಣ ಗುಟುಕು ಕುಡಿದರು. ಒಂದು ಕ್ಷಣ ಮಗ್ಗಿನೊಳಗೆ ನೋಡಿದರು. ಎದ್ದು ನಿಂತು ರಾಮಲಿಂಗಪ್ಪನವರ ಕೈಗೆ ಕೊಟ್ಟರು.

ರಾಮಲಿಂಗಪ್ಪನವರು ಮಗ್ ಹಿಡಿದು ನಿಂತರು. ಎತ್ತಿದರು, ಅರ್ಧಕ್ಕೆ ನಿಲ್ಲಿಸಿದರು. "ಈ ವರ್ಷ ವಿಶೇಷ. ಕೊನೆಯ ಗುಟುಕನ್ನು ನಮ್ಮ ದೇವರ ಮುಂದೆ ನಿಂತು ಕುಡೀತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಚನ್ನಮ್ಮನವರ ದೇವರ ಪಟಗಳಿದ್ದವು. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಮಗ್ಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಡುವ ಮುಂಚೆ, "ವೆಂಡೆಲ್, ಮಕ್ಕಳಿಗೆ ಕಿಟಕಿ ತೋರಿಸಿ. ನೀವು ಹೇಳಿದ್ರೇ ಚೆನ್ನ" ಎಂದು ಅವರೇ ಹೇಳಿದರು.

ನಾನೂ ಅವರ ಜೊತೆ ಹೊರಗಿನಿಂದ ಸುತ್ತಿ ಮನೆಯ ಹಿಂಬದಿಗೆ ಹೋದೆ. ನನ್ನ ಮಗಳು ಅಮೂಲ್ಯಾ, ಇನ್ನೂ ಮೂರು ನಾಲ್ಕು ಮಕ್ಕಳು, ವೆಂಡೆಲ್, ನಾನು. ಕಿಟಕಿಯ ಬಾಗಿಲು ಅರ್ಧ ತೆರೆದಿತ್ತು. "So where did he throw the jars?" ಎಂದು ಅಮೂಲ್ಯಾ ಕೇಳಿದಳು. ವೆಂಡೆಲ್ ಹಳ್ಳದ ಕಡೆ ಕೈ ಚಾಚಿ ತೋರಿಸಿ, ಮತ್ತೆ ಕಿಟಕಿಯತ್ತ ತಿರುಗಿದರು. ನಾನೂ ತಿರುಗಿದೆ.

ಒಳಗೆ ರಾಮಲಿಂಗಪ್ಪನವರು ಸಿಂಕಿನ ಮುಂದೆ ನಿಂತಿದ್ದರು. ಮಗ್ಗನ್ನು ಬಗ್ಗಿಸಿ ರಸವನ್ನು ಸಿಂಕಿಗೆ ಚೆಲ್ಲಿದರು. ನಲ್ಲಿ ಬಿಟ್ಟು, ಸೋಪು ಹಾಕಿ, ಅಂಚನ್ನು ಸುತ್ತಲೂ ಬೆರಳಿನಿಂದ ಉಜ್ಜಿದರು. ಮೂಸಿ ನೋಡಿ ಮತ್ತೆ ಉಜ್ಜಿದರು. ಹಾಗೆಯೇ ತಲೆಯೆತ್ತಿದವರಿಗೆ ಕಿಟಕಿಯಲ್ಲಿ ನಾವು ಕಂಡೆವು.

ನಲ್ಲಿಯ ನೀರು ಬೀಳುತ್ತಲೇ ಇತ್ತು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತಪ್ಪು ಅವರದು, ಸುಟ್ಟದ್ದು ನನ್ನ ಮುಖವೂ. ವೆಂಡೆಲ್ ಕೈ ಚಾಚಿ ಕಿಟಕಿಯ ಬಾಗಿಲನ್ನು ನಿಧಾನವಾಗಿ, ಸದ್ದಾಗದಂತೆ, ಎಳೆದು ಮುಚ್ಚಿದರು. "ಚಳಿ ಇದೆ. ನಡೀರಿ ಮಕ್ಕಳೇ" ಎಂದರು. ಒಳಗೆ ಬಂದು ಕೋಟು ಹಾಕಿಕೊಂಡು, ಚನ್ನಮ್ಮನವರಿಗೆ ಕೈ ಕುಲುಕಿ ಥ್ಯಾಂಕ್ಸ್ ಹೇಳಿ, ಮುಂಬಾಗಿಲಿನಿಂದ ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನು ಮಾಡಿದರೆ ಸೌಜನ್ಯದಿಂದಲೇ ಮಾತಾಡುತ್ತಿದ್ದರಂತೆ. ಚರ್ಚಿನ ಕೆಲಸ, ಸೊಂಟದ ನೋವು, ಹೀಗೆ. ರಾಮಲಿಂಗಪ್ಪನವರು ಯಜಮಾನರ ಕಥೆ ಹೇಳುವುದನ್ನು ನಿಲ್ಲಿಸಿದರು. ಯಾರಾದರೂ ಕೇಳಿದರೆ ಯೋಸ್ಟ್‌ನ ಎರಡು ಬಾವುಟದವರೆಗೆ ಹೇಳಿ, ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದುಬಿಡುತ್ತಿದ್ದರು. ಬೆಂಕಿಗೂಡಿನ ಪಕ್ಕದ ಕುರ್ಚಿಯಲ್ಲಿ ಬೇರೆ ಗಿರಾಕಿ ಕೂತರೆ ಅವರಿಗೆ ಕೋಪ ಬರುತ್ತಿತ್ತು, ಖಾಲಿ ಇದ್ದರೆ ಆ ಕಡೆ ನೋಡುತ್ತಿರಲಿಲ್ಲ. ಚಳಿಗಾಲದಲ್ಲಿ ಮನುಷ್ಯ ಒಂದು ಸುತ್ತು ಇಳಿದುಹೋದರು.

ಮಾರ್ಚ್ ಕೊನೆಗೆ ರಾಮಲಿಂಗಪ್ಪ ದಂಪತಿಗಳನ್ನು ನಾನು ಮನೆಗೆ ಊಟಕ್ಕೆ ಕರೆದೆ. ಊಟವಾದ ಮೇಲೆ ವಿಷಯ ತಾನಾಗಿಯೇ ಬಂತು. ದತ್ತಾತ್ರೇಯನಿಗೆ ಎಲ್ಲ ಕಾಯಿಲೆಗೂ ಒಂದು ಮಾತ್ರೆ ಇರುತ್ತದೆ.

"ಸಾರ್, ಇದ್ರಲ್ಲಿ ಏನಿದೆ? ಇಟ್ಸ್ ಅವರ್ ಕಲ್ಚರ್ ಅಂತ ಎಕ್ಸ್‌ಪ್ಲೇನ್ ಮಾಡಿ. ನಾವು ಹೆಂಡ್ತಿ ಲೋಟದಲ್ಲೂ ಕುಡಿಯಲ್ಲ, ಅಣ್ಣತಮ್ಮಂದಿರ ಲೋಟದಲ್ಲೂ ಕುಡಿಯಲ್ಲ ಅನ್ನಿ. ಅಮೆರಿಕನ್ಸ್‌ಗೆ ಕಲ್ಚರ್ ಅಂದ್ರೆ ಆಯ್ತು, ಎಲ್ಲ ಅಂಡರ್‌ಸ್ಟ್ಯಾಂಡ್ ಮಾಡ್ತಾರೆ."

ರಾಮಲಿಂಗಪ್ಪನವರ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. "ಹೌದಲ್ವಾ? ಎಂಜಲು ಅಂದ್ರೆ ಯಾರದಾದ್ರೂ ಎಂಜಲೇ. ಅದ್ರಲ್ಲಿ ಅವ್ರು ಇವ್ರು ಅಂತಿಲ್ಲ. ಇದನ್ನ ಅವ್ರಿಗೆ ಬಿಡಿಸಿ ಹೇಳಿದ್ರೆ..."

ಚನ್ನಮ್ಮನವರು ಕಿತ್ತಳೆ ಸುಲಿಯುತ್ತಿದ್ದರು. ತಲೆಯೆತ್ತದೆಯೇ ಹೇಳಿದರು: "ಆ ಅಜ್ಜಿದು ಲಿಪ್‌ಸ್ಟಿಕ್ ಸಮೇತ ಕುಡಿದ್ರಲ್ಲ, ಅಷ್ಟು ವರ್ಷ. ಅದು ಎಂಜಲಲ್ವಾ?"

ದತ್ತಾತ್ರೇಯ ಎಂಜಲು ತಟ್ಟೆಗಳನ್ನು ಜೋಡಿಸತೊಡಗಿದ.

"ಇನ್ನೊಂದು ಹೇಳ್ತೀನಿ ಕೇಳಿ" ಎಂದರು ಚನ್ನಮ್ಮ. "ಮದುವೆ ಆದಾಗಿಂದ ನೀವು ಒಂದು ಲೋಟ ತೊಳೆದಿದ್ದು ನಾನು ನೋಡಿಲ್ಲ. ಅವತ್ತು ನನಗೂ ಕೊಡ್ಲಿಲ್ಲ. ನೀವೇ ಸೋಪು ಹಾಕಿ ತೊಳೆದ್ರಿ." ಇಷ್ಟು ಹೇಳಿ ಸುಲಿದ ಕಿತ್ತಳೆಯನ್ನು ಗಂಡನ ಮುಂದಿಟ್ಟರು.

ರಾಮಲಿಂಗಪ್ಪನವರು ಅದನ್ನು ಮುಟ್ಟಲಿಲ್ಲ. ಬಹಳ ಹೊತ್ತು ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಾ, ಬಿಚ್ಚುತ್ತಾ ಕೂತರು. ಆಮೇಲೆ ಯಾರನ್ನೂ ನೋಡದೆ ಮಾತಾಡಿದರು. ತಿಪಟೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಅವರ ಅಪ್ಪನ ಹೋಟೆಲು. ಹಿತ್ತಲಿನ ಗೋಡೆಗೆ ಮೊಳೆ ಹೊಡೆದು ತೆಂಗಿನ ಚಿಪ್ಪುಗಳನ್ನು ನೇತುಹಾಕಿದ್ದರು. ತೆಂಗಿನ ಸೀಮೆ, ಚಿಪ್ಪಿಗೆ ಏನು ಬರ? ಕೇರಿಯವರು ಹಿಂದಿನಿಂದ ಬಂದು, ಚಿಪ್ಪು ತಾವೇ ತೆಗೆದುಕೊಂಡು ಹಿಡಿದರೆ, ಮೇಲಿನಿಂದ ಟೀ ಹುಯ್ಯುತ್ತಿದ್ದರು. ಕುಡಿದು ತಾವೇ ತೊಳೆದು ಮೊಳೆಗೆ ಹಾಕಿ ಹೋಗಬೇಕು. ಟೀ ಹುಯ್ಯುತ್ತಿದ್ದವರು ಸ್ಕೂಲಿನಿಂದ ಬಂದ ರಾಮಲಿಂಗಪ್ಪನವರು. "ಚೆನ್ನಾಗಿ ಹುಯ್ತಿದ್ದೆ. ಮೇಲಿಂದ. ಒಂದ್ ಹನಿ ಚೆಲ್ತಿರ್ಲಿಲ್ಲ" ಎಂದರು.

"ಈ ಕಿಟಕಿ ಕಥೆ ಎಷ್ಟು ಸಲ ಹೇಳಿದೀನಿ. ಒಂದು ಸಲವಾದ್ರೂ ಆ ಚಿಪ್ಪು ನೆನಪಿಗೆ ಬರ್ಬೇಕಿತ್ತಲ್ವಾ? ಬರ್ಲಿಲ್ಲ. ಎಲ್ಮರ್ ರಡ್‌ನ ಬೈದು ಬೈದು ನಾನು ಹಾಯಾಗಿದ್ದೆ." "ಅವತ್ತು ಮಗ್ ಮೇಲಕ್ಕೆ ಎತ್ತಿದೆ ಕಣಮ್ಮ ಊರ್ಮಿಳಾ. ನಿಜವಾಗ್ಲೂ ಕುಡಿಯೋಕೇ ಎತ್ತಿದ್ದು. ಬಾಯಿ ಹತ್ರ ಹೋಗ್ಲಿಲ್ಲ. ಕೈಗೆ ಗೊತ್ತಾಗ್ಬಿಡ್ತು ಅದು ಯಾರದು ಅಂತ."

ನಾಚಿಕೆ ಎಂದರೆ ತಲೆ ತಗ್ಗಿಸುವುದು ಎಂದು ನಾವು ಸುಲಭವಾಗಿ ಹೇಳುತ್ತೇವೆ. ಅವರು ತಲೆ ತಗ್ಗಿಸಲೂ ಆಗದೆ, ಎತ್ತಲೂ ಆಗದೆ, ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತಾ ಕೂತಿದ್ದರು. ಕೊನೆಗೆ, "ಹೋಗಿ ಹೇಳ್ತೀನಿ. ಕಲ್ಚರ್ ಗಿಲ್ಚರ್ ಬೇಡ. ಇದ್ದಿದ್ದು ಇದ್ದ ಹಾಗೆ" ಎಂದರು. ಮಂಡಿನೋವಿನಿಂದ ಅವರಿಗೆ ಆಗ ಕಾರು ಓಡಿಸಲು ಆಗುತ್ತಿರಲಿಲ್ಲ. ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು.

ಏಪ್ರಿಲ್‌ನ ಒಂದು ಶನಿವಾರ ಹೋದೆವು. ವೆಂಡೆಲ್ ಮನೆಯ ಮುಂದಿನ ಜಗಲಿಯಲ್ಲಿ ಬದನೆ ಸಸಿಗಳನ್ನು ವಿಂಗಡಿಸುತ್ತಾ ಕೂತಿದ್ದರು. ನಮ್ಮನ್ನು ನೋಡಿ ಎದ್ದು ಕುರ್ಚಿ ಎಳೆದು ಕೊಟ್ಟರು. ಅವರ ಹೆಂಡತಿ ಬರ್ನಿಸ್ ಮೂರು ದೊಡ್ಡ ಗ್ಲಾಸುಗಳಲ್ಲಿ ಐಸ್ ಹಾಕಿದ ಸಿಹಿ ಟೀ ತಂದಿಟ್ಟು ಒಳಗೆ ಹೋದರು. ವೆಂಡೆಲ್ ತಮ್ಮ ಗ್ಲಾಸಿನಿಂದ ಒಂದು ಗುಟುಕು ಕುಡಿದು ಪಕ್ಕದ ಸ್ಟೂಲಿನ ಮೇಲಿಟ್ಟರು.

ರಾಮಲಿಂಗಪ್ಪನವರು ಎಲ್ಲವನ್ನೂ ಹೇಳಿದರು. ಇಂಗ್ಲಿಷಿನಲ್ಲಿ, ತಡೆದು ತಡೆದು. ದೇವರ ಮುಂದೆ ಕುಡಿಯುತ್ತೇನೆಂದದ್ದು ಸುಳ್ಳು ಎಂದರು. ಮಿಸೆಸ್ ರಡ್ ಕೊಟ್ಟದ್ದನ್ನು ಕುಡಿಯುತ್ತಿದ್ದೆ, ನೀವು ಕೊಟ್ಟದ್ದನ್ನು ಚೆಲ್ಲಿದೆ ಎಂದರು. ತೆಂಗಿನ ಚಿಪ್ಪಿನ ವಿಷಯ ಹೇಳುವಾಗ ಎರಡೂ ಅಂಗೈ ಸೇರಿಸಿ ಬೊಗಸೆ ಮಾಡಿ ತೋರಿಸಿದರು. ಹೀಗೆ ಹಿಡಿಯುತ್ತಿದ್ದರು, ನಾನು ಮೇಲೆ ನಿಂತು ಹುಯ್ಯುತ್ತಿದ್ದೆ ಎಂದರು. ವೆಂಡೆಲ್ ಕೈಯಲ್ಲಿದ್ದ ಸಸಿಯ ಬೇರಿನ ಮಣ್ಣನ್ನು ಬಿಡಿಸುತ್ತಾ ಕೇಳಿದರು.

"ಇದನ್ನ ಹೇಳೋಕೆ ಬರೋದು ಸುಲಭ ಅಲ್ಲ, ಗೊತ್ತು" ಎಂದರು ಕೊನೆಗೆ. ಸಸಿಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು: "ನೋಡಿ ರಾಮ್, ನಮ್ಮಪ್ಪನ ಕಥೇನ ನೀವು ವಾರ ವಾರ ಗುರುತಿಲ್ಲದ ಜನಕ್ಕೆ ಹೇಳ್ತಿದ್ರಿ. ನಾನು ಕುರ್ಚೀಲಿ ಕೂತು ಸುಮ್ನೆ ಕೇಳ್ತಿದ್ದೆ. ಯಾಕೆ ಗೊತ್ತಾ? ನೀವು ಕಿಟಕಿಯ ಹೊರಗೆ, ನಮ್ಮ ಕಡೆ ನಿಂತು ಹೇಳ್ತಿದೀರಿ ಅಂದ್ಕೊಂಡಿದ್ದೆ."

ರಾಮಲಿಂಗಪ್ಪನವರು ಏನು ಮಾಡಲಿದ್ದಾರೆಂದು ನನಗೆ ಗೊತ್ತಾಗುವಷ್ಟರಲ್ಲಿ ಕೈ ಚಾಚಿ, ಸ್ಟೂಲಿನ ಮೇಲಿದ್ದ ವೆಂಡೆಲರ ಗ್ಲಾಸನ್ನು ತೆಗೆದುಕೊಂಡರು. ಎತ್ತಿ ಸುರಿದುಕೊಳ್ಳಲಿಲ್ಲ. ತುಟಿ ಇಟ್ಟು, ಕಣ್ಣು ತೆರೆದುಕೊಂಡೇ, ಒಂದು ದೊಡ್ಡ ಗುಟುಕು ಕುಡಿದರು. ಟೀ ಗದ್ದದ ಮೇಲೆ ಇಳಿಯಿತು. ಕುಡಿದು ವೆಂಡೆಲರ ಮುಖ ನೋಡಿದರು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಅರವತ್ತು ದಾಟಿದ ಮನುಷ್ಯ, ಪರೀಕ್ಷೆ ಬರೆದು ಮೇಷ್ಟರ ಮುಂದೆ ನಿಂತ ಮಗುವಿನ ಹಾಗೆ ಕಾದರು. ನಮ್ಮಲ್ಲಿ ಇದಕ್ಕಿಂತ ದೊಡ್ಡದನ್ನು ಯಾರೂ ಕೊಡಲಾರರು. ಅವರ ಎಪ್ಪತ್ತು ತಲೆಮಾರಿನಲ್ಲಿ ಯಾರೂ ಮಾಡದ್ದನ್ನು ಅವರು ಆ ಜಗಲಿಯಲ್ಲಿ ಕೂತು ಮಾಡಿದ್ದರು.

ವೆಂಡೆಲ್‌ಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಅಷ್ಟೇ ಅನ್ನಿಸಿತೋ, ನಾನು ಹೇಳಲಾರೆ. ಕೋಪ ಮಾಡಿಕೊಳ್ಳಲಿಲ್ಲ. ಅಯ್ಯೋ ಪಾಪ ಎನ್ನುವ ಹಾಗೆ ಒಂದು ಸಲ ನೋಡಿ, ಒಳಗಿನ ಕಡೆ ತಿರುಗಿದರು.

"ಬರ್ನಿಸ್, ನನಗೆ ಬೇರೆ ಗ್ಲಾಸು ತಗೊಂಡು ಬಾ" ಎಂದು ಕೂಗಿದರು.

ಬೇರೆ ಗ್ಲಾಸು ಬಂತು. ವೆಂಡೆಲ್ ಅದರಲ್ಲಿ ಕುಡಿದರು. ಈ ವರ್ಷದ ಮಳೆಯ ವಿಷಯ, ಸಸಿ ನೆಡುವ ವಿಷಯ ಮಾತಾಡಿದರು. ಹೊರಡುವಾಗ ನನ್ನ ಕೈಗೆ ಆರು ಬದನೆ ಸಸಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟರು. ಭಾನುವಾರ ಬನ್ನಿ ಎಂದು ನಾನೇ ಕರೆದೆ. "ನೋಡೋಣ" ಎಂದರು. ರಾಮಲಿಂಗಪ್ಪನವರು ಮಾತ್ರ ಆ ಮೊದಲಿನ ಗ್ಲಾಸನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ನಾವು ಏಳುವವರೆಗೂ ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡೇ ಕೂತಿದ್ದರು.